ಜಲ್ಲಿ ದಾರಿ, ಭಾರೀ ಬೈಕು ಮತ್ತು ಮನೆಮಂದಿಯ ಪ್ರಾಣ

ಕೊಳ್ಳೇಗಾಲದಿಂದ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಡಾಂಬರು ಎಲ್ಲೋ ಒಂದು ಕಡೆ ಮುಗಿದುಹೋಗುತ್ತದೆ. ಮೊದಲು ಗುಂಡಿ, ಆಮೇಲೆ ಜಲ್ಲಿ, ಅದಾದ ಮೇಲೆ ಕೆಂಪು ಮಣ್ಣು. ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆಗೆ ಹೋಗಿ, ಹನೂರು ದಾಟಿ ರಾಮಾಪುರ, ಮಾರ್ಟಳ್ಳಿಯ ಕಡೆಗೆ ಹೋಗಿ, ಇಲ್ಲವೇ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಊರುಗಳಿಗೆ ಹೋಗಿ, ಮುಖ್ಯರಸ್ತೆ ಬಿಟ್ಟ ಮೇಲೆ ಕಥೆ ಹೆಚ್ಚು ಕಡಿಮೆ ಒಂದೇ. ರೇಷ್ಮೆಗೂಡು ಕೊಳ್ಳಲು ಹೋಗುವವರು, ಹಳ್ಳಿ ಹಳ್ಳಿಗೆ ಬಟ್ಟೆ ಮಾರುವವರು, ಶಾಲೆಯ ಶಿಕ್ಷಕರು, ನೆಂಟರ ಮನೆಯ ನಿಕಾಹ್‌ಗೆ, ಕಾಯಿಲೆಯವರನ್ನು ನೋಡಲು, ಜನಾಝಕ್ಕೆ ಹೊರಟವರು ಎಲ್ಲರೂ ಈ ದಾರಿಗಳಲ್ಲೇ ಸಾಗಬೇಕು. ಬಸ್ಸು ದಿನಕ್ಕೆ ಒಂದೋ ಎರಡೋ ಸಲ ಬರುವ ಊರುಗಳಲ್ಲಿ ಬೈಕೇ ಬಸ್ಸು, ಬೈಕೇ ಆಂಬುಲೆನ್ಸ್.

ಆ ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತಿರುವವಳು ಹೆಚ್ಚಾಗಿ ಮನೆಯೊಡತಿ. ಮಡಿಲಲ್ಲಿ ಒಂದು ಮಗು, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಇನ್ನೊಂದು ಮಗು. ಗಾಡಿ ಓಡಿಸುವುದು ಗಂಡಸರ ವಿಷಯ, ನಮಗೇಕೆ ಎಂದು ನಾವು ಸುಮ್ಮನಿರುತ್ತೇವೆ. ಆದರೆ ಗಾಡಿ ಜಾರಿದಾಗ ಹ್ಯಾಂಡಲ್ ಹಿಡಿದವನಿಗೆ ಕನಿಷ್ಠ ಹಿಡಿಯಲು ಏನಾದರೂ ಇರುತ್ತದೆ. ಹಿಂದೆ ಕುಳಿತವಳಿಗೆ ಅದೂ ಇರುವುದಿಲ್ಲ. ಆದ್ದರಿಂದ ಭಾರೀ ಬೈಕು ಜಲ್ಲಿಯ ಮೇಲೆ ಹೇಗೆ ವರ್ತಿಸುತ್ತದೆ ಎಂಬುದನ್ನು ಓಡಿಸುವವನಷ್ಟೇ ಹಿಂದೆ ಕುಳಿತವಳೂ ತಿಳಿದಿರಬೇಕು. ಈ ಲೇಖನವನ್ನು ಮನೆಯಲ್ಲಿ ಬೈಕ್ ಓಡಿಸುವವರಿಗೂ ಒಮ್ಮೆ ಓದಿ ಹೇಳಿ.

ಬುಲೆಟ್ ನಮ್ಮ ದಾರಿಗೆ ಬಂದ ಬಗೆ

ಭಾರೀ ಬೈಕ್ ನಮ್ಮ ಸೀಮೆಗೆ ಹೊಸದಲ್ಲ. 1950ರ ದಶಕದಲ್ಲಿ ಗಡಿ ಕಾವಲಿಗೆಂದು ಭಾರತದ ಸೇನೆ ಬುಲೆಟ್ ಬೈಕುಗಳನ್ನು ತರಿಸಿಕೊಂಡಿತು. 1955ರಲ್ಲಿ ಮದರಾಸಿನಲ್ಲಿ ಅವುಗಳ ಜೋಡಣೆ ಪ್ರಾರಂಭವಾಯಿತು. ನಮ್ಮ ಪಕ್ಕದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅಜ್ಜಂದಿರ ಕಾಲದಲ್ಲಿ ಮಣ್ಣಿನ ದಾರಿಯಲ್ಲಿ ಓಡಿದ್ದು ಇವೇ ಗಾಡಿಗಳು.

ಹಾಗಿದ್ದರೆ ಈಗೇಕೆ ಭಯ ಎಂದು ಕೇಳಬಹುದು. ಅಂದಿನ ಸವಾರನಿಗೆ ಡಾಂಬರಿನ ವೇಗ ಅಭ್ಯಾಸವಿರಲಿಲ್ಲ. ಇಂದು ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಬಂದ ಯುವಕ ಅದೇ ಕೈ, ಅದೇ ಮನಸ್ಸಿನಲ್ಲಿ ಜಲ್ಲಿ ದಾರಿಗೆ ಇಳಿಯುತ್ತಾನೆ. ಅಲ್ಲದೆ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿಗಳಿವೆ. ಕಲ್ಲು ಹೊತ್ತ ಲಾರಿಗಳ ಭಾರಕ್ಕೆ ಸಣ್ಣ ರಸ್ತೆಗಳು ಕಿತ್ತುಹೋಗುತ್ತವೆ. ಒಂದು ಫರ್ಲಾಂಗು ಡಾಂಬರು, ಮುಂದಿನ ತಿರುವಿನಲ್ಲಿ ಬರೀ ಜಲ್ಲಿ. ಪೂರ್ತಿ ಕೆಟ್ಟ ರಸ್ತೆ ಸವಾರನನ್ನು ಎಚ್ಚರದಲ್ಲಿ ಇಡುತ್ತದೆ. ಅರ್ಧ ಕೆಟ್ಟ ರಸ್ತೆ ಮಾತ್ರ ಮೋಸ ಮಾಡುತ್ತದೆ.

ಜಲ್ಲಿಯ ಮೇಲೆ ಏನಾಗುತ್ತದೆ?

ಇಂದಿನ ಬುಲೆಟ್ 350ರ ತೂಕ ಸುಮಾರು 195 ಕಿಲೋ. ಸಾಮಾನ್ಯ ಸ್ಕೂಟರಿನ ತೂಕ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸವಾರ, ಹಿಂದೆ ಪತ್ನಿ, ಮಡಿಲ ಮಗು ಸೇರಿದರೆ ಒಟ್ಟು ಭಾರ 300 ಕಿಲೋ ದಾಟುತ್ತದೆ. ಇಷ್ಟೂ ಭಾರ ರಸ್ತೆಯನ್ನು ಮುಟ್ಟುವುದು ಎರಡು ಟೈರುಗಳ ಅಂಗೈಯಗಲದ ಜಾಗದಲ್ಲಿ ಮಾತ್ರ. ಡಾಂಬರಿನ ಮೇಲೆ ರಬ್ಬರು ನೆಲವನ್ನು ಕಚ್ಚಿ ಹಿಡಿಯುತ್ತದೆ. ಜಲ್ಲಿಯ ಮೇಲೆ ಟೈರು ಹಿಡಿಯುವುದು ಸಡಿಲವಾದ ಕಲ್ಲನ್ನು, ಆ ಕಲ್ಲೇ ಉರುಳುತ್ತದೆ. ನೆಲದ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ನಡೆದಂತೆ. ರಸ್ತೆ ಬೈಕಿನ ಟೈರಿನ ಗೆರೆಗಳು ಆಳವಿಲ್ಲದ್ದರಿಂದ ಅವು ಸಡಿಲ ನೆಲವನ್ನು ಅಗೆದು ಹಿಡಿಯಲಾರವು.

ಬ್ರೇಕಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಜಲ್ಲಿಯ ಮೇಲೆ ಅದು ಇನ್ನೂ ಹೆಚ್ಚು. ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಚಕ್ರ ಬಿಗಿದುಕೊಂಡು ಪಕ್ಕಕ್ಕೆ ಜಾರುತ್ತದೆ. ತಿರುವಿನಲ್ಲಾದರೆ ಗಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲಿರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಬಿಗಿದುಕೊಳ್ಳದಂತೆ ಅದು ಬ್ರೇಕನ್ನು ಮತ್ತೆ ಮತ್ತೆ ಸಡಿಲಿಸುತ್ತದೆ. ಡಾಂಬರಿನ ಮೇಲೆ ಇದು ದೊಡ್ಡ ರಕ್ಷಣೆ. ಆದರೆ ಸಡಿಲ ಜಲ್ಲಿಯ ಮೇಲೆ ಇದೇ ಕಾರಣಕ್ಕೆ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳಬಹುದು. “ಎಬಿಎಸ್ ಇದೆ, ಭಯವಿಲ್ಲ” ಎಂಬ ಮಾತನ್ನು ಡಾಂಬರು ಮುಗಿಯುವಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಓಡಿಸುವವನ ಪಾಲು

ಜಲ್ಲಿ ಕಂಡ ಮೇಲೆ ಬ್ರೇಕ್ ಹಾಕುವುದಲ್ಲ, ಡಾಂಬರಿನ ಮೇಲಿರುವಾಗಲೇ ವೇಗ ಇಳಿಸಬೇಕು. ಎರಡನೆಯ ಗೇರಿನಲ್ಲಿ, ಹದವಾದ ಒಂದೇ ವೇಗದಲ್ಲಿ ಹೋಗಬೇಕು. ಬುಲೆಟ್ಟಿನ ಎಂಜಿನ್ ಕಡಿಮೆ ವೇಗದಲ್ಲೂ ಎಳೆಯುವ ಶಕ್ತಿಯುಳ್ಳದ್ದು. ನಿಧಾನವಾಗಿ ಹೋಗುವುದಕ್ಕೆ ಅದು ಹೇಳಿ ಮಾಡಿಸಿದ ಗಾಡಿ.

ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು. ಮುಂದಿನ ಚಕ್ರ ಜಲ್ಲಿಯಲ್ಲಿ ಸ್ವಲ್ಪ ಅತ್ತಿತ್ತ ಹೊಯ್ದಾಡುವುದು ಸಹಜ. ಅದರೊಂದಿಗೆ ಕುಸ್ತಿಗೆ ಇಳಿದರೆ ಗಾಡಿ ಇನ್ನಷ್ಟು ಹೊಯ್ದಾಡುತ್ತದೆ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು, ಕೈಗಳನ್ನು ಸಡಿಲ ಬಿಟ್ಟು, ನೋಟವನ್ನು ಚಕ್ರದ ಬುಡದಲ್ಲಿಡದೆ ದೂರಕ್ಕೆ ಇಡಬೇಕು. ಟ್ರ್ಯಾಕ್ಟರ್, ಲಾರಿಗಳ ಚಕ್ರ ಓಡಿದ ಜಾಡಿನಲ್ಲಿ ಕಲ್ಲು ಕಡಿಮೆ, ನೆಲ ಗಟ್ಟಿ. ನಡುವೆ ಮತ್ತು ಅಂಚಿನಲ್ಲಿ ಗುಡ್ಡೆಯಾದ ಜಲ್ಲಿಯೇ ಅಪಾಯ. ಒಂದು ಜಾಡಿನಿಂದ ಇನ್ನೊಂದಕ್ಕೆ ಹಾರುವ ಆತುರ ಬೇಡ. ಬ್ರೇಕ್ ಬೇಕಾದರೆ ಗಾಡಿ ನೇರವಾಗಿರುವಾಗ ಎರಡನ್ನೂ ಮೆಲ್ಲಗೆ ಒತ್ತಬೇಕು.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಗೇರು ತಪ್ಪಿಸಿ, ಎಂಜಿನ್ ಆರಿಸಿ ಬಿಡುವ ರೂಢಿ ಕೆಲವರಲ್ಲಿದೆ. ಮಲೆ ಮಹದೇಶ್ವರ ಬೆಟ್ಟದಂತಹ ಘಾಟಿಯಲ್ಲಿ ಇದು ನೇರವಾಗಿ ಅಪಾಯವನ್ನು ಕರೆದಂತೆ. ಗೇರಿನಲ್ಲಿರುವ ಎಂಜಿನ್ ತಾನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಅದನ್ನು ಬಿಟ್ಟರೆ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿತ ಹೋಗುತ್ತದೆ. ಉಳಿದ ನಾಲ್ಕು ರೂಪಾಯಿಯ ಪೆಟ್ರೋಲ್ ಆಸ್ಪತ್ರೆಯ ಬಾಗಿಲಿನವರೆಗೂ ಸಾಲದು.

ಮಳೆ ಬಂದರೆ ಎರೆಮಣ್ಣಿನ ದಾರಿಯನ್ನು ಬಿಟ್ಟು ಸುತ್ತಿನ ದಾರಿಯನ್ನೇ ಹಿಡಿಯಿರಿ. ಆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದಂತೆ ಮಾಡುತ್ತದೆ.

ಹಿಂದೆ ಕುಳಿತವಳ ಪಾಲು

ಹಿಂದೆ ಕುಳಿತವರ ತೂಕ ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಅವರು ಒಮ್ಮೆಲೇ ಅಲುಗಿದರೆ ಗಾಡಿಯೂ ಅಲುಗುತ್ತದೆ. ಆದ್ದರಿಂದ ಸವಾರಿಯ ಅರ್ಧ ಹೊಣೆ ಹಿಂದೆ ಕುಳಿತವಳದ್ದೂ ಹೌದು. ಜಲ್ಲಿ ಬಂದಾಗ ಸವಾರನಿಗೆ ಹತ್ತಿರವಾಗಿ ಕುಳಿತು, ಅವನ ಸೊಂಟವನ್ನು ಅಥವಾ ಹಿಡಿಕೆಯನ್ನು ಭದ್ರವಾಗಿ ಹಿಡಿದು, ಎರಡೂ ಪಾದಗಳನ್ನು ಕಾಲೂರುವ ಕಂಬಿಯ ಮೇಲಿಟ್ಟಿರಬೇಕು. ಗಾಡಿ ಜಾರುತ್ತಿದೆ ಎನಿಸಿದಾಗ ಕಾಲನ್ನು ನೆಲಕ್ಕೆ ಚಾಚಬಾರದು. 300 ಕಿಲೋ ಭಾರವನ್ನು ಕಾಲು ತಡೆಯಲಾರದು, ಮುರಿಯುತ್ತದೆ.

ಒಂದೇ ಪಕ್ಕಕ್ಕೆ ಕಾಲು ಹಾಕಿ ಕುಳಿತುಕೊಳ್ಳುವುದು ನಮ್ಮಲ್ಲಿ ರೂಢಿ. ಡಾಂಬರಿನ ಮೇಲೆ ಅದು ಹೇಗೋ ಸಾಗುತ್ತದೆ. ಜಲ್ಲಿಯ ಮೇಲೆ ಹಾಗೆ ಕುಳಿತವಳಿಗೆ ಮೊಣಕಾಲಿನ ಹಿಡಿತವಿರುವುದಿಲ್ಲ, ಭಾರವೂ ಸಮನಾಗಿ ಹಂಚಿಹೋಗುವುದಿಲ್ಲ. ಒಂದು ಗುಂಡಿ ಸಾಕು, ಅವಳು ಹಿಂದಕ್ಕೆ ಬೀಳಲು. ಸಡಿಲವಾದ ಸಲ್ವಾರ್ ಧರಿಸಿ ಎರಡೂ ಕಡೆ ಕಾಲು ಹಾಕಿ ಕೂರುವುದರಿಂದ ಮರ್ಯಾದೆಗೆ ಕುಂದಿಲ್ಲ. ಅದು ಸಾಧ್ಯವಿಲ್ಲದಿದ್ದರೆ ಕೆಟ್ಟ ದಾರಿ ಬಂದಲ್ಲಿ ಇಳಿದುಬಿಡಿ. ನೂರು ಹೆಜ್ಜೆ ನಡೆದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ, ಒಬ್ಬನೇ ದಾಟುವ ಸವಾರನಿಗೂ ಸುಲಭ.

ಉಡುಪಿನ ಬಗ್ಗೆ ವಿಶೇಷ ಎಚ್ಚರ ಬೇಕು. ದುಪಟ್ಟಾ ಚಕ್ರಕ್ಕೆ ಸಿಕ್ಕಿ ಕತ್ತಿಗೂ ಬೆನ್ನುಹುರಿಗೂ ಪೆಟ್ಟಾದ ಪ್ರಕರಣಗಳನ್ನು ಭಾರತ ಮತ್ತು ಪಾಕಿಸ್ತಾನದ ವೈದ್ಯರು ದಾಖಲಿಸಿದ್ದಾರೆ. ಬುರ್ಖಾದ ಅಂಚನ್ನು ಒಟ್ಟುಗೂಡಿಸಿ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ. ದುಪಟ್ಟಾದ ತುದಿಗಳನ್ನು ಬುರ್ಖಾದ ಒಳಗೆ ಇರಿಸಿ. ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ರಕ್ಷಕ, ಹಿಡಿದುಕೊಳ್ಳಲು ಹಿಡಿಕೆ, ಕಾಲೂರಲು ಕಂಬಿ ಇವು ಮೂರೂ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಚೆಂದ ಕಾಣುವುದಿಲ್ಲವೆಂದು ಅದನ್ನು ಬಿಚ್ಚಿಸುವ ಮಕ್ಕಳಿಗೆ, ಅದು ನಿಮ್ಮ ತಾಯಿಯ ಕತ್ತನ್ನು ಕಾಯುವ ವಸ್ತು ಎಂದು ತಿಳಿಸಿ ಹೇಳಿ.

ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕೆಂದು ಕರ್ನಾಟಕದಲ್ಲಿ 2016ರ ಜನವರಿಯಿಂದ ಕಡ್ಡಾಯ ಮಾಡಲಾಯಿತು. ತಲೆವಸ್ತ್ರವಿದೆ ಎಂಬುದು ವಿನಾಯಿತಿಯಲ್ಲ. ತೆಳುವಾದ ಹತ್ತಿಯ ಸ್ಕಾರ್ಫನ್ನು ಗಂಟಿಲ್ಲದೆ, ಪಿನ್ನುಗಳಿಲ್ಲದೆ ಸುತ್ತಿ ಅದರ ಮೇಲೆ ಹೆಲ್ಮೆಟ್ ಧರಿಸಬಹುದು. ಬಿದ್ದಾಗ ಪಿನ್ನು ತಲೆಗೆ ಚುಚ್ಚಿಕೊಳ್ಳುತ್ತದೆ. ಕೊಳ್ಳುವಾಗಲೇ ಸ್ಕಾರ್ಫ್ ಧರಿಸಿಕೊಂಡು ಅಳತೆ ನೋಡಿ, ಐಎಸ್ಐ ಗುರುತು ಇರಲಿ, ಗಲ್ಲದ ಪಟ್ಟಿಯನ್ನು ತಪ್ಪದೆ ಹಾಕಿಕೊಳ್ಳಿ. ಪಟ್ಟಿ ಹಾಕದ ಹೆಲ್ಮೆಟ್ ನಿಮಗಿಂತ ಮೊದಲು ನೆಲ ಸೇರುತ್ತದೆ.

ಮಕ್ಕಳು ಸಾಮಾನಲ್ಲ

ಬೈಕಿನಲ್ಲಿ ಸವಾರನಲ್ಲದೆ ಒಬ್ಬರಿಗೆ ಮಾತ್ರ ಕಾನೂನಿನ ಅನುಮತಿಯಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಟ್ಯಾಂಕಿನ ಮೇಲೆ ಕುಳಿತ ಮಗುವಿನ ಎದುರಿಗೆ ಇರುವುದು ಹ್ಯಾಂಡಲಿನ ಕಬ್ಬಿಣ. ಹಿಂದಿನಿಂದ ಬಂದು ಒತ್ತುವುದು ತಂದೆಯದೇ ಭಾರ. ಬಡತನದಲ್ಲಿ ಇಬ್ಬರಿಗೆ ಎರಡು ಗಾಡಿ ಎಲ್ಲಿಂದ ಎಂದು ಕೇಳುವವರಿದ್ದಾರೆ. ಅವರ ಕಷ್ಟ ನಿಜ. ಆದರೂ ಎರಡು ಸಲ ಹೋಗಿ ಬರುವುದು, ಮಕ್ಕಳನ್ನು ಬಸ್ಸಿನಲ್ಲೋ ಆಟೋದಲ್ಲೋ ಕರೆದೊಯ್ಯುವುದು ಕಡಿಮೆ ಖರ್ಚಿನ ದಾರಿಯೇ. ತುಂಬು ಗರ್ಭಿಣಿಯನ್ನಂತೂ ಜಲ್ಲಿ ದಾರಿಯಲ್ಲಿ ಬೈಕಿನ ಮೇಲೆ ಕೂರಿಸಬೇಡಿ. 108ಕ್ಕೆ ಮೊದಲೇ ಕರೆ ಮಾಡಿ.

ಗಾಜಿನ ಪಾತ್ರೆಗಳು

ಪ್ರವಾದಿ ಮುಹಮ್ಮದ್(ಸ)ರ ಜೀವನದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ದಾಖಲಾಗಿದೆ. ಒಂದು ಪ್ರಯಾಣದಲ್ಲಿ ಅನ್ಜಶ ಎಂಬವರು ಸ್ತ್ರೀಯರು ಕುಳಿತಿದ್ದ ಒಂಟೆಗಳನ್ನು ಹಾಡುತ್ತಾ ನಡೆಸುತ್ತಿದ್ದರು. ಹಾಡಿನ ಓಘಕ್ಕೆ ಒಂಟೆಗಳ ನಡಿಗೆ ಚುರುಕಾಯಿತು. ಆಗ ಪ್ರವಾದಿವರ್ಯರು(ಸ) ಅವರಿಗೆ ನಿಧಾನವಾಗಿ ನಡೆಸುವಂತೆ ಸೂಚಿಸಿದರು. ಮೇಲೆ ಕುಳಿತವರನ್ನು ಅವರು ಗಾಜಿನ ಪಾತ್ರೆಗಳಿಗೆ ಹೋಲಿಸಿದರು.

ಇದರಲ್ಲಿ ಎರಡು ಪಾಠಗಳಿವೆ. ವಾಹನದ ವೇಗವನ್ನು ನಿರ್ಧರಿಸಬೇಕಾದುದು ಓಡಿಸುವವನ ಉತ್ಸಾಹವಲ್ಲ, ಕುಳಿತವರ ಸ್ಥಿತಿ. ಮತ್ತೊಂದು, ನಿಧಾನಿಸು ಎಂಬ ಮಾತು ಅವಮಾನವಲ್ಲ, ಅದು ಪ್ರವಾದಿಚರ್ಯೆಯಲ್ಲೇ ಇದೆ. ಹಿಂದಿನಿಂದ “ರೀ, ಸ್ವಲ್ಪ ನಿಧಾನ ಹೋಗಿ” ಎಂದ ಪತ್ನಿಗೆ “ನನಗೆ ಗಾಡಿ ಓಡಿಸೋದು ಕಲಿಸ್ತೀಯಾ?” ಎಂದು ಗದರುವ ಸಹೋದರರು ಇದನ್ನು ನೆನಪಿಡಬೇಕು. ಮರಳುಗಾಡಿನ ದಾರಿಯಲ್ಲಿ ಒಂಟೆಗೆ ಸಲ್ಲುವ ಮಾತು ಜಲ್ಲಿ ದಾರಿಯಲ್ಲಿ ಬುಲೆಟ್ಟಿಗೂ ಸಲ್ಲುತ್ತದೆ.

ವಾಹನ ಏರುವಾಗ ನಾವು ದುಆ ಓದುತ್ತೇವೆ. ಆದರೆ ಒಂಟೆಯನ್ನು ಕಟ್ಟಿದ ನಂತರವೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬುದೂ ಅದೇ ಪ್ರವಾದಿಯ(ಸ) ಕಲಿಕೆ. ಸವೆದ ಟೈರು, ಸಡಿಲವಾದ ಕಡ್ಡಿ, ಧೂಳು ತುಂಬಿದ ಏರ್ ಫಿಲ್ಟರ್, ಎಣ್ಣೆ ಕಾಣದ ಚೈನು ಇಟ್ಟುಕೊಂಡು ತವಕ್ಕುಲ್‌ನ ಮಾತಾಡುವುದು ಒಂಟೆಯನ್ನು ಕಟ್ಟದೆ ಬಿಟ್ಟಂತೆ.

ಹೊರೆ, ಕಾಡು, ಕತ್ತಲು

ಗೂಡಿನ ಮೂಟೆ, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು ಇವನ್ನೆಲ್ಲ ಸೀಟಿನ ತೀರಾ ಹಿಂದೆ ಎತ್ತರಕ್ಕೆ ಕಟ್ಟಿದರೆ ಮುಂದಿನ ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಭಾರ ಕೆಳಗಿರಲಿ, ಎರಡೂ ಕಡೆ ಸಮನಾಗಿರಲಿ. ಕೆಲವರು ಸಡಿಲ ನೆಲದಲ್ಲಿ ಹಿಡಿತ ಬರಲೆಂದು ಟೈರಿನ ಗಾಳಿ ಇಳಿಸುತ್ತಾರೆ. ಒಬ್ಬನೇ ಸವಾರನಾದರೆ ತುಸು ಇಳಿಸಬಹುದು. ಇಬ್ಬರು ಕುಳಿತಾಗ ಹಾಗೆ ಮಾಡಿದರೆ ಕಲ್ಲಿಗೆ ಬಡಿದು ರಿಮ್ ಬಾಗುತ್ತದೆ, ಟ್ಯೂಬ್ ಹರಿಯುತ್ತದೆ.

ನಮ್ಮ ಸೀಮೆಯ ಅನೇಕ ದಾರಿಗಳು ಕಾಡನ್ನು ಹಾಯುತ್ತವೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಇಲ್ಲಿ ಆನೆ ಎದುರಾಗುವುದು ಅಪರೂಪವಲ್ಲ. ಭಾರೀ ಬೈಕಿಗೆ ಹಿಂದಕ್ಕೆ ಹೋಗುವ ಗೇರಿಲ್ಲ, ಜಲ್ಲಿಯಲ್ಲಿ ಅದನ್ನು ಬೇಗ ತಿರುಗಿಸುವುದೂ ಆಗದು. ಆದ್ದರಿಂದ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ಪಕ್ಕದಿಂದ ನುಸುಳುವ ಸಾಹಸ ಮಾಡದೆ ಕಾಯಬೇಕು. ಅರಣ್ಯ ತಪಾಸಣಾ ಠಾಣೆಯವರು ಹೇಳಿದ ಸಮಯವನ್ನು ಪಾಲಿಸಬೇಕು. ಹುಡುಗರು ಮೋಜಿಗೆಂದು ಕಾಡಿನೊಳಗೆ ಬೈಕ್ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧವೂ ಹೌದು.

ಬಿದ್ದರೆ ಏನು ಮಾಡಬೇಕು?

ಮೊದಲು ಎಂಜಿನ್ ಆರಿಸಿ ಕೀಲಿ ತಿರುಗಿಸಿ. ಪೆಟ್ರೋಲ್ ಸೋರುತ್ತಿರಬಹುದು. ತಲೆಗೆ ಪೆಟ್ಟಾದವರ ಕತ್ತನ್ನು ತಿರುಚಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಕಳಚಲು ಅವಸರ ಪಡದೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಸೈಲೆನ್ಸರ್ ತಗುಲಿ ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಶಾಯಿ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಜಲ್ಲಿಯಿಂದ ತರಚಿದ ಗಾಯವನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಯಾರಿಗೂ ಪೆಟ್ಟಾಗಿಲ್ಲವೆಂದು ಖಚಿತವಾದ ಮೇಲಷ್ಟೇ ಗಾಡಿಯನ್ನು ಎತ್ತಿ. ಗಾಡಿಯನ್ನು ಗೇರಿನಲ್ಲಿಟ್ಟು, ಸಾಧ್ಯವಾದರೆ ಸ್ಟ್ಯಾಂಡ್ ಚಾಚಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂದಿನ ಕಂಬಿಯನ್ನೂ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಎತ್ತಬೇಕು. ಸೊಂಟ ಬಗ್ಗಿಸಿ ಎಳೆದರೆ ಗಾಡಿ ಏಳುವುದಿಲ್ಲ, ಬೆನ್ನು ಹಿಡಿಯುತ್ತದೆ. ಈ ಬಗೆ ತಿಳಿದಿದ್ದರೆ ಹೆಣ್ಣುಮಕ್ಕಳೂ ಬುಲೆಟ್ ಎತ್ತಬಲ್ಲರು.

ಎತ್ತುವುದೇಕೆ, ಓಡಿಸಲೂ ಬಲ್ಲರು. ದೆಹಲಿಯ ಜಾಮಿಯಾ ಮಿಲ್ಲಿಯಾದ ವಿದ್ಯಾರ್ಥಿನಿಯಾಗಿದ್ದ ರೋಶ್ನಿ ಮಿಸ್ಬಾಹ್ ಹಿಜಾಬ್ ಧರಿಸಿಯೇ ಭಾರೀ ಬೈಕ್ ಓಡಿಸಿ ‘ಹಿಜಾಬಿ ಬೈಕರ್’ ಎಂದು ಪತ್ರಿಕೆಗಳಲ್ಲಿ ಸುದ್ದಿಯಾದರು. ಎಲ್ಲರೂ ಹಾಗಾಗಬೇಕೆಂದಿಲ್ಲ. ಆದರೆ ಭಾರೀ ಗಾಡಿ ಎಂದರೆ ತೋಳಿನ ಬಲ ಎಂಬ ಭ್ರಮೆ ಮಾತ್ರ ಬೇಡ. ಜಲ್ಲಿಯ ಮೇಲೆ ಬೇಕಾಗುವುದು ತಾಳ್ಮೆ, ಮೃದುವಾದ ಕೈ ಮತ್ತು ಮುಂದಾಲೋಚನೆ.

ರಸ್ತೆಯೂ ನಮ್ಮ ವಿಷಯ

ಎಷ್ಟೇ ಜಾಗ್ರತೆ ವಹಿಸಿದರೂ ಕೆಟ್ಟ ರಸ್ತೆ ಕೆಟ್ಟದ್ದೇ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಹಳ್ಳಿಗಳಲ್ಲಿ ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳನ್ನು ನಾವು ಓದಿದ್ದೇವೆ. 2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ, ಮೂಲ ಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಊರಿನಲ್ಲಿ, ಘರ್ಷಣೆಯಾಗಿ ಮತಗಟ್ಟೆಯೇ ಧ್ವಂಸವಾಯಿತು. 29ರಂದು ಮರು ಮತದಾನ ನಡೆಯಿತು. ಹಿಂಸೆ ಸರಿಯಲ್ಲ. ಆದರೆ ಒಂದು ರಸ್ತೆಗಾಗಿ ಜನ ಎಷ್ಟು ನೊಂದಿರಬಹುದು ಎಂಬುದನ್ನು ನಾವು ಯೋಚಿಸಬೇಕು.

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತಿರುವಿನಲ್ಲಿ ಚೆಲ್ಲಿದ ಜಲ್ಲಿಯನ್ನು ಗುಡಿಸಿ ಪಕ್ಕಕ್ಕೆ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಮೊಹಲ್ಲಾದ ಹುಡುಗರು ಒಂದು ಶುಕ್ರವಾರ ಜುಮಾದ ನಂತರ ಅರ್ಧ ಗಂಟೆ ದುಡಿದರೆ ಸಾಕು. ದೊಡ್ಡ ದುರಸ್ತಿಗೆ ಗ್ರಾಮಸಭೆ ಇದೆ. ಸಹೋದರಿಯರು ಅಲ್ಲಿಗೆ ಹೋಗಿ, ಇಂಥ ತಿರುವಿನಲ್ಲಿ ಇಂಥ ಗುಂಡಿ ಇದೆ ಎಂದು ಹೆಸರಿಟ್ಟು ಹೇಳಬೇಕು, ಅರ್ಜಿ ಬರೆದು ಸ್ವೀಕೃತಿ ಪಡೆಯಬೇಕು. ಆ ದಾರಿಯ ಪ್ರತಿಯೊಂದು ಗುಂಡಿಯನ್ನು ಬೆನ್ನು ಮೂಳೆಯಿಂದ ಬಲ್ಲವರು ಹಿಂದೆ ಕುಳಿತವರೇ ತಾನೇ?

ಅಲ್ಲಿಯವರೆಗೆ, ಡಾಂಬರು ಮುಗಿಯುವ ಜಾಗ ಬಂದಾಗ ಹಿಂದಿನ ಸೀಟಿನಿಂದ ಒಂದು ಮಾತು ಬರಲಿ: “ನಿಧಾನ.” ಮುಂದಿನ ಸೀಟಿನವರು ಅದನ್ನು ಕೋಪವಿಲ್ಲದೆ ಕೇಳಿಸಿಕೊಳ್ಳಲಿ. ಪ್ರಾಣವು ಅಲ್ಲಾಹನು ನಮಗೆ ಕೊಟ್ಟ ಅಮಾನತ್. ಅದನ್ನು ಸುರಕ್ಷಿತವಾಗಿ ಮನೆಗೆ ಮರಳಿ ತರುವ ಹೊಣೆ ಎರಡೂ ಸೀಟಿನವರದ್ದು.